ಬಂಡೂರು ಕುರಿ: ಟಗರು ಬದ್ಲಾಯಿಸೋ ನಮ್ಮ ಲೆಕ್ಕ

ನಮ್ದು ಮಳವಳ್ಳಿ ಕಡೆ, ಸಾಕೋದು ಬಂಡೂರು ಕುರಿ. ತಳಿನೂ ಕೆಡಬಾರ್ದು, ಇನ್‌ಬ್ರೀಡಿಂಗೂ (ಹತ್ತಿರದ ನೆಂಟ ಕುರಿಗಳೇ ತಮ್ಮೊಳಗೆ ಕೂಡೋದು) ಆಗಬಾರ್ದು, ಹೆಂಗ್ ಮಾಡ್ತೀರಾ ಅಂತ ಸುಮಾರು ಜನ ಕೇಳ್ತಾರೆ, ಅದಕ್ಕೆ ನಮ್ಮೂರಲ್ಲಿ ಐದು ಮನೆಯೋರು ಸೇರಿ ಮಾಡ್ಕೊಂಡಿರೋದನ್ನ ಬರೀತಿದೀನಿ.

ಹೆಣ್ಣು ಕುರಿ ಜಾಸ್ತಿ ಇದ್ರೆ ಸಾಕು, ರಕ್ತ ಬೇರೆಬೇರೆ ಇರುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಹಂಗಿಲ್ಲ ಕಣ್ರಪ್ಪ, ಎಲ್ಲಾ ಇರೋದು ಟಗರಿನ ಸಂಖ್ಯೇಲಿ. ಒಂದು ಸುಲಭದ ಸೂತ್ರ ಇದೆ: ಟಗರಿನ ಸಂಖ್ಯೆನ 8ರಿಂದ ಗುಣಿಸಿ 1ನ್ನ ಅದರಿಂದ ಭಾಗಿಸಿ, ಹೆಣ್ಣು ಕುರಿಗೂ ಹಂಗೇ ಮಾಡಿ, ಎರಡೂ ಕೂಡಿಸಿ. ಒಂದು ತಲೆಮಾರಿಗೆ ಇನ್‌ಬ್ರೀಡಿಂಗ್ ಎಷ್ಟು ಏರುತ್ತೆ ಅನ್ನೋ ಅಂದಾಜು ಬರುತ್ತೆ. 30 ಕುರಿಗೆ ಒಂದೇ ಟಗರು ಅಂದ್ರೆ ಹತ್ತಿರಹತ್ತಿರ 13%, ಕುರಿ 60 ಮಾಡಿದ್ರೂ 12.7%, ಅದೇ 30 ಕುರಿಗೆ 3 ಟಗರು ಆದ್ರೆ 4.6%ಕ್ಕೆ ಇಳಿಯುತ್ತೆ. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ) ಮಾರ್ಗಸೂಚಿ ಪ್ರಕಾರ ಇದು 1% ದಾಟಬಾರ್ದು. ಒಂದು ಮನೆ ಮಂದೇಲಿ ಅದು ಆಗೋ ಮಾತೇ ಅಲ್ಲ.

ಅದಕ್ಕೇ ಐದು ಮನೆ. ಒಂದನೇ ಮನೇಲಿ ಹುಟ್ಟಿದ ಗಂಡುಮರಿ ಎರಡನೇ ಮನೆಗೆ, ಅಲ್ಲಿದು ಮೂರಕ್ಕೆ, ಐದನೇ ಮನೇದು ವಾಪಸ್ ಒಂದಕ್ಕೆ, ಯಾವತ್ತೂ ಒಂದೇ ದಿಕ್ಕು. ಹೆಣ್ಣುಮರಿ ಹುಟ್ಟಿದ ಮನೇಲೇ ಇರುತ್ತೆ. ಟಗರಿಗೆ ಒಂದೇ ವರ್ಷ ಕೆಲಸ, ಆಮೇಲೆ ಬಕ್ರೀದ್‌ಗೆ ಮಾರಾಟ, ಹಂಗಾಗಿ ಅದರ ಮಗಳು ಬೆದೆಗೆ ಬರೋಷ್ಟರಲ್ಲಿ ಅಪ್ಪ ಮಂದೇಲಿ ಇರಲ್ಲ. ಅಪ್ಪ-ಮಗಳು ಕೂಡಿದ್ರೆ ಹುಟ್ಟೋ ಮರಿಗೆ ಇನ್‌ಬ್ರೀಡಿಂಗ್ 25%, ಅಪ್ಪ ಒಬ್ಬನೇ ತಾಯಿ ಬೇರೆ ಆದ ಅಣ್ಣ-ತಂಗಿ ಕೂಡಿದ್ರೆ 12.5%, ಒಂದೇ ಏಟಿಗೆ. ಕುರಿ ತಲೆಮಾರು ಸುಮಾರು ಮೂರು ವರ್ಷ ಅಂತ ಹಿಡಿದ್ರೆ, ವರ್ಷಕ್ಕೊಂದರಂಗೆ ಮನೆಗೆ ಮೂರು ಟಗರು, ಒಟ್ಟು 15, ಕುರಿ ಎಲ್ಲಾ ಸೇರಿ 150. ಲೆಕ್ಕ ಹಾಕಿ ನೋಡಿ, 0.92% ಬರುತ್ತೆ.

ಕಿವಿ ಟ್ಯಾಗ್ ಮನೆಗೊಂದು ಬಣ್ಣ, ನೋಟ್‌ಬುಕ್ಕಲ್ಲಿ ತಾಯಿ ನಂಬರ್, ಅಪ್ಪ ಯಾರು, ಅಷ್ಟೇ. ಗಂಡುಮರಿಗಳ್ನ ನಾಲ್ಕು ತಿಂಗಳಿಗೇ ಬೇರೆ ಮಾಡ್ಬೇಕು, ಇನ್ನೂ ಚಿಕ್ಕದು ಬಿಡು ಅಂತ ಕೂತ್ರೆ ಅಕ್ಕತಂಗೀರ ಮೇಲೇ ಹತ್ತುತ್ತೆ.

ಕಷ್ಟ ಬರೋದು ಚೆಂದದ ಟಗರು ಹುಟ್ಟಿದಾಗ. ಗಿಡ್ಡ ಕಾಲು, ಹಿಂದಿನಿಂದ ನೋಡಿದ್ರೆ ತಲೆಕೆಳಗಾದ ಯು ಆಕಾರ, ಎಲ್ರಿಗೂ ಅದರ ಮರೀನೇ ಬೇಕು, ಇನ್ನೊಂದು ವರ್ಷ ಇಟ್ಕೋತೀನಿ ಅಂತ ಜಗಳ. ನಾವು ಕೊಡಲ್ಲ. ಮೈಕಟ್ಟೊಂದೇ ನೋಡಿ ಆರಿಸಿದ್ದಕ್ಕೇ ಇರ್ಬೇಕು, ಈ ತಳೀಲಿ ಒಂದು ಬೀಜ ಕೆಳಗಿಳೀದೇ ಇರೋ ಟಗರು ಜಾಸ್ತಿ, ಪಶುವೈದ್ಯಕೀಯ ಪುಸ್ತಕದಲ್ಲೂ ಇದೆ. ಅದಕ್ಕೆ ನಾನು ಮೊದ್ಲು ಎರಡೂ ಬೀಜ ಕೈಯಲ್ಲಿ ಮುಟ್ಟಿ ನೋಡ್ತೀನಿ, ಆಮೇಲೆ ಅಂದ-ಚೆಂದ. ಇನ್‌ಬ್ರೀಡಿಂಗ್ ಅಂದ್ರೆ ಎರಡು ತಲೆ ಮರಿ ಹುಟ್ಟುತ್ತೆ ಅಂತ ಕಾಯ್ಬೇಡಿ, ಗಬ್ಬ ನಿಲ್ಲದೇ ಇರೋದು, ಮರಿ ತೂಕ ಬರದೇ ಇರೋದು, ಸಣ್ಣ ಕಾಯಿಲೆಗೇ ಸಾಯೋದು, ಹಿಂಗೆ ಸದ್ದಿಲ್ಲದೆ ಬರುತ್ತೆ, ನಾವು ಮೇವಿನ ಮೇಲೆ ತಪ್ಪು ಹಾಕ್ತೀವಿ.

ನಾರಿ ಸುವರ್ಣ (ಅವಳಿ ಮರಿ ಹಾಕೋ ಬೇರೆ ತಳಿ) ಟಗರು ಬಿಟ್ರೆ ಮುಗೀತಲ್ಲ ಅಂತಾರೆ. ಇನ್‌ಬ್ರೀಡಿಂಗ್ ಹೋಗುತ್ತೆ ನಿಜ, ಬಂಡೂರೂ ಹೋಗುತ್ತೆ. ಅದರ ಬದ್ಲು ಕೆಲವು ವರ್ಷಕ್ಕೊಮ್ಮೆ ದೂರದ ಹಳ್ಳಿಯಿಂದ ಇದೇ ತಳಿ ಟಗರು ತರ್ತೀವಿ. ತರೋವಾಗ ಟಗರೊಂದೇ ಅಲ್ಲ, ಅದರ ತಾಯಿ ತೋರ್ಸಿ ಅಂತೀವಿ, ಅಪ್ಪನ್ನ ಎಲ್ಲಿಂದ ತಂದಿದ್ರಿ ಅಂತ ಕೇಳ್ತೀವಿ, ಯಾಕಂದ್ರೆ ಅದು ನಮ್ಮೂರಿಂದ್ಲೇ ಹೋದ ಟಗರಿನ ಮಗ ಆಗಿದ್ರೆ ದುಡ್ಡು ಕೊಟ್ಟು ನೆಂಟನ್ನೇ ತಂದಂಗೆ.