ಅಯಸ್ಕಾಂತದ ದಿಕ್ಕಿನೊಂದಿಗೆ ಚಿಹ್ನೆ ಬದಲಿಸುತ್ತಿದ್ದ ಸುಳ್ಳು ಅಸಮತೆ: ನನ್ನ ಅನುಭವ

ಡಿ-ಸ್ಟಾರ್ ಎಂಬ ಅಲ್ಪಾಯು ಕಣ ಕ್ಷಯಿಸಿದಾಗ ಡಿ-ಸೊನ್ನೆ ಎಂಬ ಇನ್ನೊಂದು ಕಣವೂ ಪಯಾನ್ ಎಂಬ ಹಗುರ ಕಣವೂ ಹೊರಬೀಳುತ್ತವೆ; ಈ ನಿಧಾನಗತಿಯ ಪಯಾನ್‌ನ ವಿದ್ಯುದಂಶವನ್ನು ನೋಡಿ, ಹುಟ್ಟಿದ್ದು ಡಿ-ಸೊನ್ನೆಯೋ ಅದರ ಪ್ರತಿಕಣವೋ ಎಂದು ಗುರುತಿಸುತ್ತಿದ್ದೆ. ಡಿ-ಸೊನ್ನೆ ಎರಡು ಕೇಯಾನ್ ಕಣಗಳಾಗಿ ಒಡೆಯುವ ಕ್ಷಯದಲ್ಲಿ ಅಸಮತೆ, ಅಂದರೆ ಕಣ ಮತ್ತು ಪ್ರತಿಕಣಗಳ ಎಣಿಕೆಯ ನಡುವಿನ ಅಂತರ, ಶೇಕಡಾ ಮಟ್ಟದಲ್ಲಿ ಕಾಣುತ್ತಿತ್ತು. ಕಣಗಳನ್ನು ಬಾಗಿಸುವ ಶೋಧಕದ ಅಯಸ್ಕಾಂತದ ದಿಕ್ಕು ತಿರುಗಿಸಿದರೆ ಚಿಹ್ನೆಯೂ ತಿರುಗುತ್ತಿತ್ತು. ಡಿ-ಸೊನ್ನೆ ಕೇಯಾನ್ ಜೋಡಿಯಾಗಿ ಒಡೆಯುವ ಮತ್ತು ಪಯಾನ್ ಜೋಡಿಯಾಗಿ ಒಡೆಯುವ ಎರಡು ಕ್ಷಯಗಳ ಅಸಮತೆಗಳ ವ್ಯತ್ಯಾಸವೆಂದು ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ 2019ರಲ್ಲಿ ಪ್ರಕಟಿಸಿದ್ದು ಸುಮಾರು ಋಣ 0.154 ಶೇಕಡಾ ಮಾತ್ರ; ಆದ್ದರಿಂದ ನನ್ನದು ಶೋಧಕದ ದೋಷವೇ ಆಗಿತ್ತು.

ಕಣದ ದ್ರವ್ಯರಾಶಿಯ ಹಂಚಿಕೆಗೆ ಹೊಂದಿಸುವ ವಕ್ರರೇಖೆಯ ಮಾದರಿ ಬದಲಿಸಿದ್ದು, ಕಣ ಗುರುತಿಸುವಿಕೆಯ ಮಿತಿ ಬಿಗಿಗೊಳಿಸಿದ್ದು, ಎರಡೂ ದಿಕ್ಕುಗಳ ದತ್ತಾಂಶವನ್ನು ಒಟ್ಟಿಗೆ ಸುರಿದದ್ದು ಫಲಿಸಲಿಲ್ಲ. ಎರಡು ರಾಶಿಗಳ ಗಾತ್ರ ಸಮನಿಲ್ಲದ ಕಾರಣ ಕೊನೆಯದರಲ್ಲಿ ದೋಷದ ಶೇಷ ಉಳಿಯುತ್ತದೆ.

ಸರಿಹೋದದ್ದು ಕ್ರಮದಿಂದ. ಅಯಸ್ಕಾಂತವು ಒಂದೇ ಚಿಹ್ನೆಯ ನಿಧಾನ ಪಯಾನ್‌ಗಳನ್ನು ಶೋಧಕದ ಅಂಚಿನಾಚೆಗೆ ಬಾಗಿಸುವುದರಿಂದ, ಅಂಚಿನಲ್ಲಿ ಅಸಮತೆ ಬಹುತೇಕ ಪೂರ್ಣವಾಗಿರುತ್ತದೆ. ಹಾಗಾಗಿ ಮೊದಲು, ನಿಧಾನ ಪಯಾನ್‌ನ ಅಡ್ಡ ಸಂವೇಗದ (ಅಯಸ್ಕಾಂತ ಬಾಗಿಸುವ ದಿಕ್ಕಿನ ಭಾಗದ) ಪರಿಮಾಣವು, ಒಟ್ಟು ಸಂವೇಗದಿಂದ 2400 ಮೆಗಾ ಎಲೆಕ್ಟ್ರಾನ್ ವೋಲ್ಟ್ ಕಳೆದು 0.317ರಿಂದ ಗುಣಿಸಿದ ಮೌಲ್ಯವನ್ನು ಮೀರಿದ ಘಟನೆಗಳನ್ನು ಕೈಬಿಟ್ಟೆ. ಕಿರಣದ ಕೊಳವೆಯ ಪಕ್ಕದ ಪಟ್ಟಿಯನ್ನೂ ತೆಗೆದೆ. ಬಳಿಕ ನಿಜವಾದ ಡಿ-ಸ್ಟಾರ್ ಅಲ್ಲದ ಹಿನ್ನೆಲೆ ಘಟನೆಗಳನ್ನು ಕಳೆದು, ಡಿ-ಸ್ಟಾರ್‌ನ ಕಿರಣಕ್ಕೆ ಲಂಬವಾದ ಸಂವೇಗ, ಕಿರಣದಿಂದ ಓರೆಯಾದ ಕೋನ ಮತ್ತು ಕಿರಣದ ಸುತ್ತಲಿನ ಕೋನಗಳ ಹಂಚಿಕೆ ಎರಡೂ ಕ್ಷಯಗಳಲ್ಲಿ ಹೊಂದುವಂತೆ ಘಟನೆಗಳಿಗೆ ತೂಕ ಕೊಟ್ಟೆ. ಈ ಕ್ರಮ ತಿರುಗಿಸಬಾರದು: ಮಿತಿಗೂ ಮುನ್ನ ಹಾಕಿದ ತೂಕ ಅಂಚಿನ ಘಟನೆಗಳಿಂದಲೇ ಕೆಡುತ್ತದೆ. ಕೊನೆಗೆ ಅಯಸ್ಕಾಂತದ ಪ್ರತಿ ದಿಕ್ಕಿಗೂ ಪ್ರತ್ಯೇಕವಾಗಿ ಎರಡು ಕ್ಷಯಗಳ ಅಸಮತೆಗಳ ವ್ಯತ್ಯಾಸವನ್ನು ಲೆಕ್ಕ ಹಾಕಿ, ಘಟನೆಗಳ ಸಂಖ್ಯೆಯ ತೂಕವಿಲ್ಲದ ಸರಳ ಸರಾಸರಿ ತೆಗೆದೆ. ಎರಡು ದಿಕ್ಕುಗಳ ಉತ್ತರಗಳು ದೋಷಮಿತಿಯೊಳಗೆ ಕೂಡಿಬಂದವು.