ಚೈನ್‌ಸಾ ಚೈನ್ ಬದಲಿಸಿ ಬಿಗಿಗೊಳಿಸುವ ಕ್ರಮ

ಎಂಜಿನ್ ನಿಲ್ಲಿಸಿ, ಅದು ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ, ದಪ್ಪ ಕೈಗವಸು ಹಾಕಿಕೊಂಡೇ ಕೆಲಸಕ್ಕೆ ತೊಡಗಬೇಕು. ಚೈನ್ ಬ್ರೇಕ್ ಸಡಿಲಿಸಿ, ನಟ್ಟುಗಳನ್ನು ಬಿಚ್ಚಿ, ಮುಚ್ಚಳ ಮತ್ತು ಹಳೆಯ ಚೈನನ್ನು ತೆಗೆಯಿರಿ. ಬಾರಿನ (ಚೈನು ಸುತ್ತುವ ಉದ್ದನೆಯ ಲೋಹದ ಪಟ್ಟಿಯ) ಅಂಚಿನ ಸೀಳಿನಲ್ಲಿ ಎಣ್ಣೆಯೊಡನೆ ಕರ್ರಗೆ ಗಟ್ಟಿಯಾಗಿ ಕುಳಿತ ಮರದ ಹುಡಿಯನ್ನು ಕೆರೆದು ತೆಗೆಯದಿದ್ದರೆ ಹೊಸ ಚೈನಿಗೆ ಎಣ್ಣೆ ಸರಿಯಾಗಿ ತಲುಪುವುದಿಲ್ಲವಾದ್ದರಿಂದ, ಈ ಹಂತವನ್ನು ದಯವಿಟ್ಟು ಬಿಡಬೇಡಿ.

ಹೊಸ ಚೈನಿನ ಪಿಚ್ (ಕೊಂಡಿಗಳ ನಡುವಿನ ಅಂತರ), ಗೇಜ್ (ಸೀಳಿನಲ್ಲಿ ಕೂರುವ ಭಾಗದ ದಪ್ಪ) ಮತ್ತು ಡ್ರೈವ್ ಲಿಂಕುಗಳ (ಸೀಳಿನೊಳಗೆ ಓಡುವ ಕೊಂಡಿಗಳ) ಸಂಖ್ಯೆ ಬಾರಿಗೆ ಹೊಂದಿರಬೇಕು. ಬಾರಿನ ಮೇಲಂಚಿನಲ್ಲಿ ಹಲ್ಲುಗಳ ಹರಿತವಾದ ಮುಖ ತುದಿಯ ಕಡೆಗಿರುವಂತೆ ಕೂರಿಸಿ, ಬಿಗಿಗೊಳಿಸುವ ಪಿನ್ನು ಬಾರಿನ ರಂಧ್ರದಲ್ಲಿ ಕುಳಿತಿರುವುದನ್ನು ಖಚಿತಪಡಿಸಿಕೊಂಡು, ಮುಚ್ಚಳ ಹಾಕಿ ನಟ್ಟುಗಳನ್ನು ಬೆರಳಿನಿಂದಷ್ಟೇ ತಿರುಗಿಸಿ. ಬಳಿಕ ಬಾರಿನ ತುದಿಯನ್ನು ಮೇಲಕ್ಕೆತ್ತಿ ಹಿಡಿದು, ಕೆಳಗೆ ಜೋತುಬಿದ್ದ ಚೈನು ಬಾರಿಗೆ ತಾಗುವವರೆಗೆ ಬಿಗಿಗೊಳಿಸುವ ಸ್ಕ್ರೂ ತಿರುಗಿಸಿ, ತುದಿಯನ್ನು ಇಳಿಸದೆಯೇ ನಟ್ಟುಗಳನ್ನು ಬಿಗಿಯಿರಿ. ಕೈಯಿಂದ ಎಳೆದಾಗ ಚೈನು ಸಲೀಸಾಗಿ ಸರಿಯಬೇಕು.

ಹೊಸ ಚೈನು ಬೇಗನೆ ಸಡಿಲವಾಗುವುದರಿಂದ ಮೊದಲ ದಿನ ಆಗಾಗ ಪರೀಕ್ಷಿಸಿ. ಬಿಸಿಯಿದ್ದಾಗ ಬಿಗಿದಿದ್ದರೆ, ತಣ್ಣಗಾಗಿ ಕುಗ್ಗುವ ಮುನ್ನ ಸಡಿಲಿಸಿಡಿ.