ತಾಂಡೇಲರಿಗೆ ‘ಶಲ್’ ಹೇಳಿಕೊಟ್ಟ ಬಗೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳು ದಡ ಹಿಡಿದಿರುವ ಆ ಹೊತ್ತಿನಲ್ಲಿ ಕಾರವಾರದ ಬೈತಖೋಲದಲ್ಲಿ ತಾಂಡೇಲರನ್ನು, ಅಂದರೆ ಬೋಟ್ ನಡೆಸುವವರನ್ನು, ಕೂರಿಸಿಕೊಂಡು ಸಮುದ್ರ ಸಂಚಾರದ ನಿಯಮ ಹೇಳಿಕೊಡುತ್ತೇನೆ. ಹಡಗುಗಳು ಡಿಕ್ಕಿಯಾಗದಿರಲೆಂದು 1972ರಲ್ಲಿ ಒಪ್ಪಿ, 1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳು ಇವು. ಸಾಲುಸಾಲಿಗೂ ‘ಶಲ್’ ಎಂಬ ಪದ. ಶಾಲೆಯಲ್ಲಿ ‘ಐ ಶಲ್, ಯೂ ವಿಲ್’ ಎಂದು ಭವಿಷ್ಯತ್ ಕಾಲ ಕಲಿತವರಿಗೆ ಇಲ್ಲಿ ಅದು ಕಟ್ಟಳೆ ಎಂದು ಮೊದಲೇ ಹೇಳಬೇಕಾಗುತ್ತದೆ.

ಸರ್ಕಾರಿ ಕನ್ನಡದಲ್ಲಿ ಇದಕ್ಕೆ ‘ತಕ್ಕದ್ದು’ ಎಂದಿದೆ. ಕಾಯಿದೆ ಪುಸ್ತಕಕ್ಕೆ ಅದು ಸರಿಯೇ. ಮನೆಯಲ್ಲಿ ಕೊಂಕಣಿ ಆಡುವ ನಮ್ಮವರ ಕಿವಿಗೆ ಮಾತ್ರ ‘ಮಾಡತಕ್ಕದ್ದು’ ಎಂದರೆ ಮಾಡಿದರೆ ಒಳ್ಳೆಯದು ಎಂಬಂತೆ ಕೇಳುತ್ತದೆ. ಆದ್ದರಿಂದ ನಾನು ‘ಶಲ್’ಗೆ ‘ಲೇಬೇಕು’, ‘ಮೇ’ಗೆ ‘ಬಹುದು’, ‘ಶಲ್ ನಾಟ್’ಗೆ ‘ಕೂಡದು’ ಎಂದು ಗಟ್ಟಿ ಮಾಡಿಕೊಂಡಿದ್ದೇನೆ. ಎಲ್ಲ ಹೊತ್ತೂ ಕಣ್ಣು, ಕಿವಿ ತೆರೆದು ಕಾವಲು ಇರಲೇಬೇಕು ಎನ್ನುವ 5ನೇ ನಿಯಮಕ್ಕೆ ವಿವರಣೆಯೇ ಬೇಕಿಲ್ಲ.

ಹೊತ್ತು ಹಿಡಿಯುವುದು 17ನೇ ನಿಯಮ. 15ನೇ ನಿಯಮದಂತೆ, ಎರಡು ಎಂಜಿನ್ ಬೋಟುಗಳು ಅಡ್ಡಡ್ಡ ಬಂದರೆ, ಯಾರ ಬಲಗಡೆಗೆ ಇನ್ನೊಂದು ಬೋಟ್ ಕಾಣುತ್ತದೋ ಅವನು ದಾರಿ ಬಿಡಲೇಬೇಕು. ಇನ್ನೊಬ್ಬ? 17ನೇ ನಿಯಮದಂತೆ ಅವನು ದಿಕ್ಕು, ವೇಗ ಬದಲಿಸದೆ ಸಾಗಲೇಬೇಕು. ಅವನು ಹಾಗೇ ಬರುತ್ತಾನೆಂದು ನಂಬಿಯೇ ಮೊದಲಿನವನು ತಿರುಗಿಸುವುದು. ದಾರಿ ಬಿಡಬೇಕಾದವನು ಬಿಡುತ್ತಿಲ್ಲ ಎಂದು ಖಾತ್ರಿಯಾದರೆ ಈತ ತಾನೇ ತಿರುಗಿಸಬಹುದು. ಅವನೊಬ್ಬನಿಂದ ಇನ್ನು ಡಿಕ್ಕಿ ತಪ್ಪದು ಎನ್ನುವಷ್ಟು ಹತ್ತಿರವಾದರೆ, ತಪ್ಪಿಸಲು ಆಗುವುದನ್ನು ಈತ ಮಾಡಲೇಬೇಕು.

“ತಪ್ಪು ಅವನದು ಸಾಹೇಬ್ರೆ, ನಾನ್ಯಾಕೆ ತಿರುಗಿಸಲಿ?” ಈ ಪ್ರಶ್ನೆ ಬಂದೇ ಬರುತ್ತದೆ, ಬರಲಿ ಎಂದೇ ಕಾಯುತ್ತೇನೆ. ಮೇಜಿನ ಮೇಲೆ ಎರಡು ಬೆಂಕಿಪೊಟ್ಟಣ ಇಟ್ಟು ಮೆಲ್ಲಗೆ ಸರಿಸುತ್ತೇನೆ. ‘ಲೇಬೇಕು’ ಎಲ್ಲಿ ‘ಬಹುದು’ ಆಯಿತು, ‘ಬಹುದು’ ಎಲ್ಲಿ ಮತ್ತೆ ‘ಲೇಬೇಕು’ ಆಯಿತು ಎಂದು ಅವರೇ ಕೂಗಿ ಹೇಳಬೇಕು. ಪೊಟ್ಟಣ ಒಂದಕ್ಕೊಂದು ತಾಗುವ ಮೊದಲು ಕೇಳಿದವರೇ ಕೈ ಅಡ್ಡ ಹಿಡಿಯುತ್ತಾರೆ. ಆಮೇಲೆ ದಾರಿ ಬಿಡಬೇಕಾದವನ ಹೊಣೆ ಇದರಿಂದ ಇಳಿಯುವುದಿಲ್ಲ ಎಂಬ ಕೊನೆಯ ಸಾಲನ್ನೂ ಓದಿ ಹೇಳುತ್ತೇನೆ. ಅದನ್ನು ಬಿಟ್ಟರೆ ಅವರಿಗೆ ಅನ್ಯಾಯ ಮಾಡಿದಂತೆ.

18ನೇ ನಿಯಮದಲ್ಲಿ, ಮೀನು ಹಿಡಿಯುತ್ತಿರುವ ಬೋಟಿಗೆ ಎಂಜಿನ್ ಹಡಗು ದಾರಿ ಬಿಡಲೇಬೇಕು ಎಂದಾಗ ಎಲ್ಲರ ಮುಖ ಅರಳುತ್ತದೆ. ಆದರೆ ಬಲೆ ನೀರಿನಲ್ಲಿದ್ದು, ಅದರಿಂದ ಬೋಟ್ ತಿರುಗಿಸಲು ಕಷ್ಟವಾಗಿರುವಾಗ ಮಾತ್ರ ಆ ಮಾತು. ಬಲೆ ಎತ್ತಿ ಬಂದರಿಗೆ ಓಡುವಾಗ ಅದೂ ಬರಿ ಎಂಜಿನ್ ಬೋಟೇ. ಕಿರಿದಾದ ಚಾನೆಲ್‌ನಲ್ಲಂತೂ, ಬಲೆ ಬಿಟ್ಟಿದ್ದರೂ, ಅಲ್ಲಿ ಸಾಗುವ ಹಡಗಿಗೆ ಅಡ್ಡಿ ಮಾಡಕೂಡದು. ಟ್ರಾಲ್ ಬಲೆಯನ್ನು ನೀರಿನಲ್ಲಿ ಎಳೆಯುವಾಗ ಮೇಲೆ ಹಸಿರು, ಅದರ ಕೆಳಗೆ ಬಿಳಿ ದೀಪ. ಬಲೆ ಎತ್ತಿದ ಮೇಲೆ ಅವನ್ನು ಉರಿಸಕೂಡದು. ಆಗಸ್ಟ್‌ನಲ್ಲಿ ಬೋಟ್ ನೀರಿಗಿಳಿಸುವ ಮೊದಲು ಆ ದೀಪಗಳಿಗೆ ಬೇರೆಯೇ ಸ್ವಿಚ್ ಹಾಕಿಸಿಕೊಳ್ಳಿ ಎಂದು ಒಬ್ಬೊಬ್ಬರಿಗೂ ಹೇಳಿ ಕಳಿಸುತ್ತೇನೆ.